ಸಂಜೆಗೆ ಬರಿದಾಗಬೇಕಾದ ಹಗ್ಗ

ಬೆಳಕು ಹರಿಯುವ ಮೊದಲೇ ಕರುಪ್ಪಾಯಿ ಹಗ್ಗ ಕಟ್ಟುತ್ತಾರೆ. ವೈಗೈ ಅಣೆಕಟ್ಟಿನ ಹಿನ್ನೀರಿನ ದಂಡೆ. ಆಂಡಿಪಟ್ಟಿ ಕಡೆಯಿಂದ ಬರುವ ಮಣ್ಣುದಾರಿ ಇಲ್ಲಿಗೆ ಮುಗಿಯುತ್ತದೆ. ಯಾರದೋ ಹಳೆಯ ಬೇಲಿಯ ಎರಡು ಕಲ್ಲುಕಂಬಗಳು ಉಳಿದಿವೆ. ಅವುಗಳ ನಡುವೆ ನೈಲಾನ್ ಹಗ್ಗ ಬಿಗಿದು, ಒಮ್ಮೆ ಜಗ್ಗಿ ನೋಡಿ, ಪಕ್ಕದಲ್ಲಿ ಗೋಣಿಚೀಲ ಹಾಸಿ ಕೂರುತ್ತಾರೆ. ಎದುರಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು. ಅದರಲ್ಲಿ ಒದ್ದೆ ಮಣ್ಣು, ಮಣ್ಣಿನೊಳಗೆ ಎರೆಹುಳ. ಕಾಲಲ್ಲಿ ಗಂಡಸರ ರಬ್ಬರ್ ಚಪ್ಪಲಿ. ಅದು ಅವರ ಪಾದಕ್ಕಿಂತ ಎರಡು ಬೆರಳು ಉದ್ದವಾಗಿದೆ.

ಮೊದಲು ಬರುವವರು ಮಾರಿಮುತ್ತು. ಎಪ್ಪತ್ತು ದಾಟಿದ ಮುದುಕರು, ಹೆಗಲ ಮೇಲೆ ಬಿದಿರಿನ ಗಾಳದ ಕೋಲು. ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಹುಳ ಕಟ್ಟಿಸಿಕೊಂಡು, ಚಪ್ಪಲಿ ಬಿಚ್ಚಿ ಕರುಪ್ಪಾಯಿಯ ಮುಂದಿಡುತ್ತಾರೆ.

"ಜೋಪಾನ ಕಣಮ್ಮಾ. ಮದುವೆಗೆ ಹಾಕ್ಕೊಂಡೋಗೋ ಸೆರುಪ್ಪು ಅದು."

"ಯಾರ ಮದುವೆಗೆ ಮಾಮಾ?"

"ನಂದೇ."

"ಬಾರು ಕಿತ್ತು ಪಿನ್ನು ಹಾಕಿದೀರ. ಹುಡುಗಿ ಮೊದಲು ಇದನ್ನ ನೋಡಿದ್ರೆ ವಾಪಸು ಬಸ್ ಹತ್ತಿಬಿಡ್ತಾಳೆ."

ಮಾತಾಡುತ್ತಲೇ ಕರುಪ್ಪಾಯಿ ಆ ಚಪ್ಪಲಿಗಳನ್ನು ಎತ್ತಿ ಹಗ್ಗಕ್ಕೆ ಕಟ್ಟುತ್ತಾರೆ. ಹಗ್ಗದುದ್ದಕ್ಕೂ ಗೇಣಿಗೊಂದರಂತೆ ದಾರದ ಕುಣಿಕೆಗಳಿವೆ. ಒಂದು ಕುಣಿಕೆಗೆ ಒಂದು ಜೊತೆ. ಮಾಮೂಲಿ ದಿನ ಹತ್ತು ಹದಿನೈದು ಜೊತೆ ಆಗುತ್ತವೆ, ಭಾನುವಾರ ನಲವತ್ತರ ಹತ್ತಿರ. ಹುಳಕ್ಕೆ ಕಾಸು ತೆಗೆದುಕೊಳ್ಳುತ್ತಾರೆ. ಚಪ್ಪಲಿ ಕಾಯುವುದಕ್ಕೆ ಇಲ್ಲ. ಆದರೆ ಚಪ್ಪಲಿ ಕೊಡದವನಿಗೆ ಹುಳ ಇಲ್ಲ.

ಇದು ಕಳ್ಳರ ಭಯದಿಂದ ಹುಟ್ಟಿದ ಕೆಲಸವಲ್ಲ, ಸಿಡಿಲಿನಿಂದ ಹುಟ್ಟಿದ್ದು.

ಚಿತ್ತಿರೈ ತಿಂಗಳ ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ. ಗಟ್ಟಿ ನೆಲಕ್ಕೂ ನೀರಿಗೂ ನಡುವೆ ಉದ್ದಕ್ಕೆ ಕೆಸರು. ಚಪ್ಪಲಿ ಹಾಕಿಕೊಂಡು ಇಳಿದರೆ ಕೆಸರು ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಗಾಳ ಹಾಕುವವರು ಬರಿಗಾಲಲ್ಲೇ ಇಳಿಯುತ್ತಾರೆ. ದಂಡೆಯಿಂದ ರಸ್ತೆಯವರೆಗೆ ಇನ್ನೊಂದು ತೊಂದರೆ: ಎರಡೂ ಕಡೆ ಸೀಮೆಜಾಲಿ. ಅದರ ಮುಳ್ಳು ನೆಲದ ತುಂಬ ಬಿದ್ದಿರುತ್ತದೆ. ಚಪ್ಪಲಿಯಿಲ್ಲದೆ ಯಾರೂ ಆ ದಾರಿಯಲ್ಲಿ ಮನೆಗೆ ಹೋಗಲಾರರು. ಅಂದರೆ ಹಗ್ಗದಲ್ಲಿ ಒಂದು ಜೊತೆ ತೂಗುತ್ತಿದ್ದರೆ ಅದರ ಧಣಿ ಇನ್ನೂ ನೀರಿನ ಕಡೆ ಇದ್ದಾನೆ ಎಂದೇ ಅರ್ಥ. ಕರುಪ್ಪಾಯಿಯ ಲೆಕ್ಕ ಇಷ್ಟೇ.

ನೀರಿನಂಚಿನ ಬಯಲಿನಲ್ಲಿ ಮರವಿಲ್ಲ, ಕಂಬವಿಲ್ಲ. ಅಲ್ಲಿ ಎತ್ತರವಾಗಿರುವುದು ಮನುಷ್ಯನೊಬ್ಬನೇ. ಅವನ ಕೈಯಲ್ಲಿ ಅವನಿಗಿಂತ ಎತ್ತರದ ಕೋಲು. ಕಾಲು ನೀರಿನಲ್ಲಿ. ಈಚೆಗೆ ಬಿದಿರಿನ ಬದಲು ಕಾರ್ಬನ್ ಕೋಲುಗಳು ಬಂದಿವೆ. ಹಗುರ, ಉದ್ದ, ಮತ್ತು ಮಿಂಚು ಸಲೀಸಾಗಿ ಹರಿಯುವ ವಸ್ತು. ವರುಸನಾಡು ಬೆಟ್ಟದ ಮೇಲೆ ಮಧ್ಯಾಹ್ನ ಮೋಡ ಕಟ್ಟುವುದಕ್ಕೂ ನೀರಿನಲ್ಲಿ ಮೀನು ಚುರುಕಾಗುವುದಕ್ಕೂ ಒಂದೇ ಹೊತ್ತು ಎನ್ನುತ್ತಾರೆ ಇಲ್ಲಿಯವರು. ಮಳೆಗೆ ಮುಂಚೆ ಗಾಳ ಬಿಟ್ಟು ಏಳಲು ಯಾರಿಗೂ ಮನಸ್ಸಾಗುವುದಿಲ್ಲ.

ಮೊದಲ ಗುಡುಗು ಕೇಳಿದ ಕೂಡಲೇ ಕರುಪ್ಪಾಯಿ ಎಣ್ಣೆಯ ಖಾಲಿ ಡಬ್ಬ ಬಡಿಯುತ್ತಾರೆ. ಎಲ್ಲರೂ ಹಿಂದಿನ ಪಾಳು ಪಂಪ್‌ಹೌಸಿಗೆ ಬರಬೇಕು. ಕಾಂಕ್ರೀಟು ಸೂರು, ನಾಲ್ಕು ಗೋಡೆ, ಮೂಲೆಯಲ್ಲಿ ತುಕ್ಕು ಹಿಡಿದ ದಪ್ಪ ಪೈಪು. ಪೈಪಿಗೆ ಒರಗಬಾರದು, ಮುಟ್ಟಬಾರದು. ಕೊನೆಯ ಗುಡುಗಾದ ಮೇಲೆ ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಯಾರಿಗೂ ಚಪ್ಪಲಿ ಸಿಗುವುದಿಲ್ಲ. ಒಬ್ಬರದನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಅಣ್ಣತಮ್ಮಂದಿರಾದರೂ ಸರಿ. ನಡುವೆ ನೀರಿಗೆ ಮರಳಿದವನ ಚಪ್ಪಲಿ ನೇರ ಜಾಲಿಯ ಪೊದೆಗೆ ಹೋಗುತ್ತದೆ.

"ಒಬ್ಬಂದು ಹಂಗೇ ಎಸೆದೆ. ಆಂಡಿಪಟ್ಟಿಲಿ ಸೈಕಲ್ ಅಂಗಡಿ ಇಟ್ಟಿದಾನೆ. ಅವನ ಅಂಗಾಲಿಂದ ಮುಳ್ಳು ಕೀಳೋಕೆ ಅವನ ಹೆಂಡ್ತಿಗೆ ಎರಡು ದಿನ ಹಿಡೀತು. ಈಗ ಅವನೇ ಮಿಕ್ಕೋರಿಗೆ ಹೇಳ್ತಾನೆ, ಅಕ್ಕನ ಹತ್ರ ಆಟ ಬೇಡಪ್ಪಾ ಅಂತ."

ಐವತ್ತರ ಆಸುಪಾಸಿನ ಕರುಪ್ಪಾಯಿ ಹುಟ್ಟಿದ್ದು ಕಂಬಂ ಕಣಿವೆಯಲ್ಲಿ, ಭತ್ತ ಬಾಳೆ ಬೆಳೆಯುವ ಮನೆಯಲ್ಲಿ. ಮನೆಮಾತು ಕನ್ನಡ, ಬೀದಿಮಾತು ತಮಿಳು. ಮದುವೆಯಾಗಿ ಬಂದದ್ದು ಒಣನೆಲದ ಆಂಡಿಪಟ್ಟಿಗೆ. ಗಂಡ ತೇನಿಯ ಮಾರುಕಟ್ಟೆಯಲ್ಲಿ ಬಾಳೆಗೊನೆ ಲೋಡು ಮಾಡುತ್ತಾರೆ. ಅವರು ಬಾಳೆತೋಟಗಳ ಬಸಿಗಾಲುವೆಯಿಂದ ಹುಳ ತಂದುಕೊಟ್ಟರೆ ಇವರು ಇಲ್ಲಿ ಮಾರುತ್ತಾರೆ. ಮೊದಲ ಕೆಲವು ವರ್ಷ ಹುಳ ಮಾರುವುದಷ್ಟೇ ಕೆಲಸವಾಗಿತ್ತು. ಹಗ್ಗ ಇರಲಿಲ್ಲ.

ಆಗ ಜನ ಚಪ್ಪಲಿಗಳನ್ನು ದಂಡೆಯ ಮೇಲೆ ಹೇಗೆಂದರೆ ಹಾಗೆ ಬಿಟ್ಟು ಇಳಿಯುತ್ತಿದ್ದರು. ಒಂದು ಚಿತ್ತಿರೈ ಮಧ್ಯಾಹ್ನ ಮಳೆ ಏಕಾಏಕಿ ಬಂತು. ಯಾರೋ ಪುಣ್ಯಾತ್ಮ, ಎಲ್ಲರ ಚಪ್ಪಲಿ ತೇಲಿಹೋದೀತೆಂದು ಸಿಕ್ಕಿದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ ಪಂಪ್‌ಹೌಸಿಗೆ ತಂದ. ಎಲ್ಲರೂ ಒಳಗೆ ನಿಂತರು. ಮಳೆ ನಿಂತಿತು, ಬಿಸಿಲೂ ಬಂತು. ಚಿನ್ನತಂಬಿ ಎಂಬಾತ, ವೇದಸಂದೂರಿನ ನೂಲಿನ ಗಿರಣಿಯಲ್ಲಿ ಪಾಳಿ ಕೆಲಸದವನು, ಬಿಟ್ಟುಬಂದ ಮೀನಿನ ಬುಟ್ಟಿ ತರುತ್ತೇನೆಂದು ನೀರಿನ ಕಡೆ ಹೋದ. ಉಳಿದವರು ಚೀಲದಿಂದ ತಮ್ಮ ತಮ್ಮ ಚಪ್ಪಲಿ ಹೆಕ್ಕಿಕೊಂಡು ಹೊರಟರು. ಆಮೇಲೆ ದೂರದಲ್ಲಿ ಒಂದೇ ಒಂದು ಸಿಡಿಲು. ರಸ್ತೆ ತಲುಪಿದ್ದವರು ತಿರುಗಿಯೂ ನೋಡಲಿಲ್ಲ. ಚೀಲದ ತಳದಲ್ಲಿ ಒಂದು ಜೊತೆ ಉಳಿದಿತ್ತು. ಚೀಲದ ಧಣಿ ಅದನ್ನು ನೋಡದೆಯೇ ಮೊಪೆಡ್ಡಿಗೆ ಕಟ್ಟಿಕೊಂಡು ಹೋದ. ದಂಡೆಯ ಮೇಲಂತೂ ಒಂದು ಚಪ್ಪಲಿಯೂ ಇರಲಿಲ್ಲ. ಎಲ್ಲರೂ ಮನೆಗೆ ಹೋಗಿದ್ದಾರೆ ಎಂದು ನೋಡಿದವರಿಗೆಲ್ಲ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವನ ಹೆಂಡತಿ ವೀರಮ್ಮಾಳ್ ಹುಡುಕಿಕೊಂಡು ಬಂದರು. ಬುಟ್ಟಿಯ ಪಕ್ಕದಲ್ಲೇ ಬಿದ್ದಿದ್ದ. ಬಿದ್ದ ಕೂಡಲೇ ಸತ್ತನೋ, ರಾತ್ರಿಯೆಲ್ಲ ಉಸಿರಿತ್ತೋ ಯಾರಿಗೂ ಗೊತ್ತಿಲ್ಲ. ಸಿಡಿಲು ಬಡಿದವರನ್ನು ತಕ್ಷಣ ಎದೆಯೊತ್ತಿ ಆಸ್ಪತ್ರೆಗೆ ಸಾಗಿಸಿದರೆ ಕೆಲವರು ಉಳಿಯುತ್ತಾರೆ. ಚಿನ್ನತಂಬಿ ಅವರಲ್ಲಿ ಒಬ್ಬನಾಗಿದ್ದನೇ ಎಂಬ ಪ್ರಶ್ನೆಗೆ ಉತ್ತರವಿಲ್ಲ.

"ಅವನಿಗೆ ಸಿಡಿಲು ಬಿದ್ದದ್ದು ವಿಧಿ ಅಂತಾರೆ. ಸೆರಿ, ಇರ್ಲಿ. ರಾತ್ರಿಯೆಲ್ಲ ಒಬ್ಬನೇ ಬಿದ್ದಿದ್ನಲ್ಲ, ಅದೂ ವಿಧೀನಾ?" ಎಂದು ಕರುಪ್ಪಾಯಿ ಕೇಳುತ್ತಾರೆ. ಮುಂದಿನ ವಾರ ಹಗ್ಗ ಕಟ್ಟಿದರು.

ಚೀಲದವನು ಆ ಚಪ್ಪಲಿಗಳನ್ನು ಹೆದರಿ ವಾಪಸು ತಂದ. ವೀರಮ್ಮಾಳ್ ಅವನ್ನು ಮುಟ್ಟಲಿಲ್ಲ. ಮನೆಗೂ ಬೇಡ, ಬಿಸಾಡಲೂ ಕೈ ಬಾರದು ಎಂದರು. ಸಿಡಿಲಿಗೆ ಸತ್ತವನ ಚಪ್ಪಲಿಯನ್ನು ಯಾರು ಮುಟ್ಟುತ್ತಾರೆ? ಕರುಪ್ಪಾಯಿ ಕಾಲಿಗೆ ಹಾಕಿಕೊಂಡರು. ಅಂದಿನಿಂದ ಅದನ್ನೇ ಹಾಕುತ್ತಾರೆ. ಇದರ ಬಗ್ಗೆ ಕೇಳಿದರೆ ದೊಡ್ಡ ಮಾತೇನೂ ಆಡುವುದಿಲ್ಲ. "ಒಳ್ಳೆ ರಬ್ಬರು. ಮುಳ್ಳು ಏರಲ್ಲ."

ಅವರನ್ನು ಹೆಚ್ಚು ನೋಯಿಸಿದ್ದು ಸತ್ತವನ ಚಪ್ಪಲಿಯಲ್ಲ, ಬದುಕಿರುವವರ ಚಪ್ಪಲಿ. ಒಕ್ಕಲು ಮನೆತನದ ಹೆಂಗಸು ಕಂಡವರ ಚಪ್ಪಲಿಯನ್ನು ಕೈಯಿಂದ ಎತ್ತಿ ಕಟ್ಟುವುದು ನೆಂಟರಿಗೆ ಅವಮಾನ. ಕಂಬಂನಲ್ಲಿ ಒಂದು ಮದುವೆಯ ಮನೆಯಲ್ಲಿ ಅವರ ಅತ್ತಿಗೆ ಬಾಳೆಲೆಗೆ ಉಪ್ಪು ಬಡಿಸಲು ಬಿಡಲಿಲ್ಲ. "ನೀ ಕೂತ್ಕೋ ಕಣಮ್ಮಾ, ನಿನ್ನ ಕೈಗೆ ಬೇರೆ ಕೆಲಸ ಇದೆಯಲ್ಲ," ಎಂದರಂತೆ, ಎಲ್ಲರ ಮುಂದೆ, ನಗುತ್ತ. ಕರುಪ್ಪಾಯಿ ಊಟ ಮಾಡಿಯೇ ಬಂದರು. "ಸಾಂಬಾರು ಚೆನ್ನಾಗಿತ್ತು. ಕೋಪಕ್ಕೆ ಅದನ್ಯಾಕೆ ಬಿಡ್ಲಿ?" ಆಮೇಲೆ ಆ ಮನೆಗಳ ಮದುವೆಗಳಿಗೆ ಅವರು ಹೋಗಿಲ್ಲ.

ಈ ಭಾನುವಾರ ಬೆಳಿಗ್ಗೆ ಒಬ್ಬ ಹೊಸಬ ಬರುತ್ತಾನೆ. ಮನೋಜ್‌ಕುಮಾರ್, ದಿಂಡಿಗಲ್ಲಿನ ಬೀಗದ ಕಾರ್ಖಾನೆಯೊಂದರಲ್ಲಿ ಕೆಲಸ. ಕೈಯಲ್ಲಿ ಹೊಚ್ಚಹೊಸ ಕಾರ್ಬನ್ ಕೋಲು. ಚಪ್ಪಲಿ ಬಿಡು ಎಂದರೆ ನಗುತ್ತಾನೆ.

"ಇದೇನು ಕೋವಿಲಾ ಅಕ್ಕಾ, ಸೆರುಪ್ಪು ಬಿಟ್ಟು ಒಳಗೆ ಹೋಗೋಕೆ?"

"ಕೋವಿಲಾದ್ರೆ ಹುಂಡಿಗೆ ಕಾಸು ಹಾಕ್ಬೇಕಿತ್ತು ತಂಬಿ. ಇಲ್ಲಿ ಬಿಟ್ಟಿ. ಬಿಚ್ಚು."

ನೀಲಿ ಬಾರಿನ ಚಪ್ಪಲಿ ಹಗ್ಗ ಸೇರುತ್ತದೆ. ಅವನು ಕೆಸರು ದಾಟಿ, ಮೊಣಕಾಲುದ್ದ ನೀರಿನಲ್ಲಿರುವ ಒಂದು ಬಂಡೆ ಹತ್ತಿ ನಿಲ್ಲುತ್ತಾನೆ. ಎಲ್ಲರಿಗಿಂತ ದೂರ, ಎಲ್ಲರಿಗಿಂತ ಎತ್ತರ.

ಮಧ್ಯಾಹ್ನ ವರುಸನಾಡಿನ ಕಡೆ ಆಕಾಶ ಕಪ್ಪಾಗುತ್ತದೆ. ಮೊದಲ ಗುಡುಗಿಗೆ ಕರುಪ್ಪಾಯಿ ಡಬ್ಬ ಬಡಿಯುತ್ತಾರೆ. ಜನ ಕೆಸರಿನಲ್ಲಿ ಕಾಲೆಳೆಯುತ್ತ ಬಂದು ಪಂಪ್‌ಹೌಸು ಸೇರುತ್ತಾರೆ. ಒಬ್ಬೊಬ್ಬರು ಬಂದಂತೆ ಕರುಪ್ಪಾಯಿ ಅವರವರ ಜೊತೆಯನ್ನು ಹಗ್ಗದಿಂದ ಬಿಚ್ಚಿ ಬಾಗಿಲ ಒಳಗೆ ಸಾಲಾಗಿ ಇಡುತ್ತಾರೆ. ಕೊನೆಗೆ ಹಗ್ಗದಲ್ಲಿ ಒಂದೇ ಜೊತೆ ಉಳಿಯುತ್ತದೆ. ನೀಲಿ ಬಾರಿನದು.

ಬಂಡೆಯ ಮೇಲೆ ಅವನ ಕೋಲು ಬಿಲ್ಲಿನಂತೆ ಬಾಗಿದೆ. "ದೊಡ್ಡ ಮೀನು ಸಿಕ್ಕಿದೆ. ಇನ್ನ ಅವನು ನನ್ನ ಮಾತು ಕೇಳಲ್ಲ," ಎನ್ನುತ್ತಾರೆ ಕರುಪ್ಪಾಯಿ. ಡಬ್ಬ ಬಡಿಯುತ್ತಲೇ ಇದ್ದಾರೆ. ಗಾಳಿ ಎದುರಿನದು, ಸದ್ದು ದಂಡೆಯನ್ನೇ ದಾಟುತ್ತಿಲ್ಲ.

ಒಳಗಿದ್ದ ಒಬ್ಬಾತ ಲುಂಗಿ ಎತ್ತಿ ಕಟ್ಟಿ, "ನಾ ಹೋಗಿ ಎಳ್ಕೊಂಡು ಬರ್ತೀನಿ ಅಕ್ಕಾ," ಎಂದು ಮುಂದೆ ಬರುತ್ತಾನೆ. ಕರುಪ್ಪಾಯಿ ಬಾಗಿಲಿಗೆ ಕೈ ಅಡ್ಡ ಹಿಡಿಯುತ್ತಾರೆ.

"ಯಾರೂ ಇಳೀಬಾರ್ದು. ನೀ ಹೋದ್ರೆ ನನ್ನ ಕೈಲಿ ಎರಡು ಜೊತೆ ಉಳೀತದೆ."

ಈ ನಿಯಮ ಅವರಿಗೂ ಅನ್ವಯಿಸುತ್ತದೆ. ಅವರು ಹೋಗುವುದಿಲ್ಲ. ಬಾಗಿಲಲ್ಲಿ ನಿಲ್ಲುವುದೂ ಕ್ಷೇಮವಲ್ಲ, ಆದರೂ ನಿಲ್ಲುತ್ತಾರೆ. ಮಿಂಚಿಗೆ ಒಳಗಿನ ಮುಖಗಳೆಲ್ಲ ಬೆಳ್ಳಗಾಗುತ್ತವೆ. ಮಾರಿಮುತ್ತು ಹಳೆಯ ಪದ್ಧತಿಯಂತೆ "ಅರ್ಜುನಾ, ಅರ್ಜುನಾ" ಎನ್ನುತ್ತ, ಸೊಂಟದ ಕುಡುಗೋಲನ್ನು ಹೊರಕ್ಕೆ ಎಸೆಯಲು ಬಾಗಿಲಿಗೆ ಬರುತ್ತಾರೆ. ಕಬ್ಬಿಣ ಅಂಗಳಕ್ಕೆ ಹಾಕಿದರೆ ಸಿಡಿಲು ಮನೆ ಬಿಟ್ಟು ಹೋಗುತ್ತದೆ ಎಂಬ ನಂಬಿಕೆ.

"ಅರ್ಜುನನ್ನ ಎಷ್ಟು ಬೇಕಾದ್ರೂ ಕೂಗಿ ಮಾಮಾ, ಒಳಗೆ ಕೂತು ಕೂಗಿ. ಆ ಪೈಪ್ ಹತ್ರ ಮಾತ್ರ ಬೇಡ."

ಆಚೆ ದಡದ ಒಂಟಿ ತಾಳೆಮರಕ್ಕೆ ಸಿಡಿಲು ಬೀಳುತ್ತದೆ. ಬೆಳಕು ಮತ್ತು ಸದ್ದು ಒಟ್ಟಿಗೇ. ಒಂದು ಕ್ಷಣ ಬಂಡೆ, ನೀರು, ಮನುಷ್ಯ ಏನೂ ಕಾಣುವುದಿಲ್ಲ. ಕರುಪ್ಪಾಯಿ ಡಬ್ಬ ಬಡಿಯುವುದನ್ನು ನಿಲ್ಲಿಸಿದ್ದಾರೆ.

ಮತ್ತೆ ಕಾಣುವಾಗ ಮನೋಜ್‌ಕುಮಾರ್ ನೀರಿನಲ್ಲಿ ನಡೆದು ಬರುತ್ತಿದ್ದಾನೆ. ಆದರೆ ಹೆಗಲ ಮೇಲೆ ಕೋಲು ನೆಟ್ಟಗೆ ನಿಂತಿದೆ. ಕರುಪ್ಪಾಯಿ ಕೂಗುತ್ತಾರೆ, ಕೇಳಿಸುವುದಿಲ್ಲ. ಕೈಯಲ್ಲಿದ್ದ ಡಬ್ಬ ಬಡಿಯುವ ಕಟ್ಟಿಗೆಯನ್ನು ಹೆಗಲಿಗೆ ಇಟ್ಟು, ನೆಲಕ್ಕೆ ಎಸೆದು ತೋರಿಸುತ್ತಾರೆ. ಮತ್ತೆ ಎತ್ತಿ, ಮತ್ತೆ ಎಸೆಯುತ್ತಾರೆ. ಮೂರನೆಯ ಸಲಕ್ಕೆ ಅವನಿಗೆ ತಿಳಿಯುತ್ತದೆ. ಕೋಲು ಕೆಸರಿಗೆ ಬೀಳುತ್ತದೆ. ಅವನು ಓಡಲು ಶುರುಮಾಡುತ್ತಾನೆ, ಬೀಳುತ್ತಾನೆ, ಎದ್ದು ಬರುತ್ತಾನೆ. ಅಂಗಿಯ ಕೊರಳು ಹಿಡಿದು ಕರುಪ್ಪಾಯಿ ಅವನನ್ನು ಒಳಕ್ಕೆ ನೂಕುತ್ತಾರೆ.

ಹಲ್ಲು ಕಟಕಟ ಎನ್ನುತ್ತಿದ್ದರೂ ಅವನು ಆಡುವ ಮೊದಲ ಮಾತು, "ಅಕ್ಕಾ, ಹೊಸ ಕೋಲು ಅದು!"

"ಅಲ್ಲೇ ಇರ್ತದೆ. ಅದಕ್ಕೇನು ಅಮ್ಮ ಇದಾಳಾ, ಬಂದು ಅಳೋಕೆ?"

ಮಳೆ ನಿಲ್ಲುತ್ತದೆ. ಬಿಸಿಲು ಬಂದು ಕೆಸರು ಹೊಳೆಯುತ್ತದೆ. ಅವನು ಚಪ್ಪಲಿ ಕೇಳುತ್ತಾನೆ. ಕರುಪ್ಪಾಯಿ ಕೊಡುವುದಿಲ್ಲ. ಬಿಸಿಲು ಬಂತಲ್ಲ ಎಂದು ವಾದಿಸುತ್ತಾನೆ. "ಚಿನ್ನತಂಬಿಗೂ ಬಂದಿತ್ತು," ಎಂದಷ್ಟೇ ಹೇಳುತ್ತಾರೆ. ಚಿನ್ನತಂಬಿ ಯಾರೆಂದು ಅವನಿಗೆ ಗೊತ್ತಿಲ್ಲ. ಗೊತ್ತಿರುವ ಉಳಿದವರು ಗೋಡೆಗೆ ಒರಗಿ ಕೂತಿದ್ದಾರೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಯಾರೂ ಹೊಸ್ತಿಲು ದಾಟುವುದಿಲ್ಲ. ಆ ನಡುವೆ ಎರಡು ಸಲ ದೂರದಲ್ಲಿ ಗುಡುಗುತ್ತದೆ. ಎರಡು ಸಲವೂ ಕರುಪ್ಪಾಯಿ ಲೆಕ್ಕವನ್ನು ಮೊದಲಿಂದ ಶುರುಮಾಡುತ್ತಾರೆ. ಹುಡುಗರು ಗೊಣಗುತ್ತಾರೆ.

ಏನು ಬೇಕು ನಿಮಗೆ ಎಂದು ಈ ಹೊತ್ತಿನಲ್ಲಿ ಕೇಳಿದರೆ, ಸ್ವಲ್ಪ ಯೋಚಿಸಿ ಹೇಳುತ್ತಾರೆ: "ಗಿರಣೀಲಿ ಪಾಳಿ ಮುಗಿದಾಗ ಊದ್ತಾರಲ್ಲ, ಅಂಥದ್ದೊಂದು ಸಂಗು, ಸೈರನ್ನು. ಗಾಳಿ ಎದುರಿಗಿದ್ರೆ ಡಬ್ಬ ಕೇಳಲ್ಲ. ಇವತ್ತು ನೋಡಿದ್ರಲ್ಲ." ಬೇರೆ ಏನೂ ಕೇಳುವುದಿಲ್ಲ.

ಚಪ್ಪಲಿಗಳು ಒಂದೊಂದಾಗಿ ಧಣಿಗಳ ಕಾಲು ಸೇರುತ್ತವೆ. ಮಾರಿಮುತ್ತು ಪಿನ್ನಿನ ಚಪ್ಪಲಿ ಮೆಟ್ಟಿ ಮುಳ್ಳುದಾರಿ ಹಿಡಿಯುತ್ತಾರೆ. ಎಲ್ಲರಿಗಿಂತ ಕೊನೆಗೆ ಮನೋಜ್‌ಕುಮಾರ್. ಕೋಲು ಸಿಕ್ಕಿದೆ, ಮೀನು ದಾರ ಕಡಿದುಕೊಂಡು ಹೋಗಿದೆ. ಕರುಪ್ಪಾಯಿ ಹಗ್ಗದಿಂದ ನೀಲಿ ಬಾರಿನ ಜೊತೆ ಬಿಚ್ಚಿ ಅವನ ಕಾಲ ಬಳಿ ಇಡುತ್ತಾರೆ. ಅವನು ಮುಖ ನೋಡದೆ ಹಾಕಿಕೊಂಡು ಹೊರಡುತ್ತಾನೆ. ಜಾಲಿಯ ಮರೆಗೆ ಹೋದ ಮೇಲೆ ಅವನ ಬೈಗುಳ ಕೇಳಿಸುತ್ತದೆ. ಸೆರುಪ್ಪು ಕಾಯೋ ಮುದುಕಿಗೆ ಎಷ್ಟು ಕೊಬ್ಬು, ಒಂದು ರೋಹು ಮೀನು ಹೋಯಿತು, ಇನ್ನು ಈ ಕಡೆ ತಲೆ ಹಾಕುವುದಿಲ್ಲ, ಹೀಗೆ. ಸ್ವರ ದೂರವಾಗುತ್ತ ಹೋಗುತ್ತದೆ.

ಕರುಪ್ಪಾಯಿ ಬರಿದಾದ ಹಗ್ಗವನ್ನು ಕಂಬದಿಂದ ಬಿಚ್ಚಿ, ಮೊಣಕೈಗೆ ಸುತ್ತಿಕೊಂಡು, ಆ ಸ್ವರ ಪೂರ್ತಿ ನಿಲ್ಲುವವರೆಗೂ ಕಿವಿಗೊಟ್ಟು ನಿಂತಿರುತ್ತಾರೆ. ಆಮೇಲೆ ಬಕೆಟ್ಟು ಎತ್ತಿಕೊಳ್ಳುತ್ತಾರೆ.

"ಬೈಲಿ ಬಿಡಿ. ಬೈಕೊಂಡಾದ್ರೂ ತನ್ನ ಸೆರುಪ್ಪು ತಾನೇ ಹಾಕ್ಕೊಂಡು ಹೋದ್ನಲ್ಲ."