ಉಕ್ಕಿನ ಮೊಣಕಾಲು ಮಡಚುತ್ತದೆಯೇ

ನನ್ನ ಹೆಂಡತಿ ನೆಲದ ಮೇಲೆ ಕುಳಿತು ತಾನೇ ಎದ್ದ ಕೊನೆಯ ದಿನ ಒಂದು ಸೋಮವಾರ. ಬೆಳಿಗ್ಗೆ ಮಣೆಯ ಮೇಲೆ ಕುಳಿತು ಲಿಂಗಪೂಜೆ ಮಾಡಿದಳು. ಆಮೇಲೆ ಅಲ್ಲೇ ಮೊರ ಎಳೆದುಕೊಂಡು ಹೆಸರುಕಾಳು ಹಸನು ಮಾಡಿದಳು. ನಾನು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ, ಒಂದು ಅಡತಿ ದಲಾಲರ ಅಂಗಡಿಯಲ್ಲಿ ಕಾಳು ತೂಗುವವನು. ಹೊರಡುವಾಗ, "ಊರ ಮಂದಿ ಕಾಳೆಲ್ಲ ನಿಮ್ಮ ಕೈಯಾಗೇ ಹಾದು ಹೋಗ್ತಾವ, ಮನಿಗೆ ಮಾತ್ರ ಕಲ್ಲ ಇದ್ದದ್ದೇ ತರ್ತೀರಿ" ಎಂದಳು. ಗೋಡೆ ಹಿಡಿದು ಎದ್ದಳು. ಮಧ್ಯಾಹ್ನದ ಬುತ್ತಿಯಲ್ಲಿ ಹೆಸರಿನ ಪಲ್ಯ ಇತ್ತು, ಅದರಲ್ಲಿ ಒಂದು ಕಲ್ಲೂ ಇತ್ತು. ಬೇರೆ ವಿಶೇಷವೇನೂ ಆಗಲಿಲ್ಲ.

ಮರುದಿನ ಪೂಜೆ ಮುಗಿಸಿದವಳಿಗೆ ಏಳಲು ಆಗಲಿಲ್ಲ. ನಾನೂ ಸೊಸೆಯೂ ಒಂದೊಂದು ರಟ್ಟೆ ಹಿಡಿದು ಎಬ್ಬಿಸಿದೆವು. ಎರಡೂ ಮೊಣಕಾಲು ಮೊದಲಿನಿಂದಲೂ ನೋಯುತ್ತಿದ್ದವು. ಬಲಗಾಲು ಹೆಚ್ಚು. ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ನಡಬರ್ಕಿನ ಗಾದಿ ಸವದು ಹೋಗ್ಯದರಿ. ಎಲುಬಿಗೆ ಎಲುಬು ತಿಕ್ಕಲಕತ್ತದ. ಕೀಲು ಬದಲಿ ಮಾಡೋದೇ ಚೊಲೋ" ಎಂದರು. ವಿಚಾರ ಮಾಡಿ ಹೇಳುತ್ತೇವೆ ಎಂದು ಬಂದೆವು.

ವಿಚಾರ ಮಾಡಲು ಔರಾದದಿಂದ ಆಕೆಯ ಅಕ್ಕ ಬಸ್ಸು ಹತ್ತಿ ಬಂದರು. ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದರು.

"ತಂಗೀ, ಕಬ್ಬಿಣ ಹಾಕಿಸ್ಕೋಬ್ಯಾಡ. ನಮ್ಮ ಓಣ್ಯಾಗ ಒಬ್ಬಾತನ ತೊಡ್ಯಾಗ ಸಳಿ ಹಾಕಿದ್ರು. ಸತ್ತಾಗ ಕಾಲು ಮಡಚಲೇ ಇಲ್ಲ. ಗುಣ್ಯಾಗ ಇನ್ನೂ ಒಂದು ಕಾಲು ಚಾಚಿಕೊಂಡೇ ಕುಂತಾನ, ಕಟ್ಟಿ ಮ್ಯಾಲೆ ಕುಂತಂಗ."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಪದ್ಮಾಸನದಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕುಳಿತ ಹಾಗೆಯೇ ಸಮಾಧಿ ಮಾಡುತ್ತೇವೆ. ನನ್ನ ಹೆಂಡತಿ ದಿನಾ ಕೂತದ್ದು ಹಾಗೆ. ಆವತ್ತೂ ಹಾಗೇ ಕೂಡಬೇಕು ಎಂಬುದು ಆಕೆಯ ಲೆಕ್ಕ. ಕಾಲು ಚಾಚಿ ಶಿವನ ಎದುರು ಕೂಡುವುದು ಅವಳಿಗೆ ಒಪ್ಪಿಗೆಯಾಗುವ ಮಾತಲ್ಲ. ನಡೆಯುವುದು ಆಮೇಲಿನ ವಿಚಾರ. ಆಪರೇಷನ್ ಬೇಡವೆಂದಳು.

ಒಂದು ವರ್ಷದ ಮೇಲೆ ಹಾಗೇ ಕಳೆಯಿತು. ಜನ ಹೇಳಿದ ಎಣ್ಣೆಗಳನ್ನೆಲ್ಲ ಹಚ್ಚಿದೆವು. ಮನೆ ಎಣ್ಣೆಗಾಣದ ಹಾಗೆ ನಾರತೊಡಗಿತು, ಮೊಣಕಾಲಿಗೆ ಏನೂ ಆಗಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಔರಾದಕ್ಕೆ ಹೋಗುವುದು ಬಿಟ್ಟಳು. ಗೋಡೆಗೆ ಆಕೆ ಕೈ ಊರುವ ಕಡೆಯಲ್ಲೆಲ್ಲ ಸುಣ್ಣ ಕಪ್ಪಾಗಿತ್ತು.

ನಮ್ಮ ಮಗಳನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ನಮ್ಮ ಮನೆತನದ ಕ್ರಿಯೆಗಳನ್ನು ಮಾಡಿಸುವ ಅಯ್ಯನವರು ಇರುವುದೂ ಅಲ್ಲೇ. ಮಗಳು ತಾಯಿಯನ್ನು ಕಾರು ಮಾಡಿಸಿ ಕರೆಸಿಕೊಂಡು ನೇರ ಅವರ ಮುಂದೆ ಕೂಡಿಸಿದಳು. ನಾನೂ ಇದ್ದೆ.

"ಅಪ್ಪೋರೆ, ಮೊಣಕಾಲಿಗೆ ಉಕ್ಕು ಹಾಕಿಸಿದ್ರ ಸಮಾಧಿ ಹ್ಯಾಂಗ್ರಿ?" ಎಂದಳು ನನ್ನ ಹೆಂಡತಿ.

ಅಯ್ಯನವರು ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ತಾಯಿ, ಆವತ್ತು ಕೂಡಸೋರು ನಾವು. ನೀ ಯಾಕ ಈಗಿಂದ ತಯಾರಿ ಮಾಡ್ಲಕತ್ತಿ?"

"ಹಂಗಲ್ರಿ. ನಿಮಗ ತಕಲೀಫ್ ಆಗಬಾರದಂತ."

"ನಂಗ ಈಗ ಆಗಲಕತ್ತದ ನೋಡು ತಕಲೀಫ್. ಮೊದಲು ನಡ್ಯೋದು ನೋಡು. ಕೂಡೋದು ನಮ್ಮ ಮ್ಯಾಲೆ ಬಿಡು."

ಅರ್ಧ ಒಪ್ಪಿದಳು. ಉಳಿದರ್ಧಕ್ಕೆ ಡಾಕ್ಟರನ್ನೇ ಕೇಳುತ್ತೇನೆ ಎಂದಳು.

ಡಾಕ್ಟರು ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ. ಮೊದಲು ಸಕ್ಕರೆ, ಬಿಪಿ, ಹೃದಯ ಎಲ್ಲ ತಪಾಸಣೆ ಎಂದರು. ಹಲ್ಲು ಹುಳುಕಿದ್ದರೆ ಅದನ್ನೂ ಮೊದಲೇ ಸರಿ ಮಾಡಿಸಬೇಕು, ಅಲ್ಲಿಯ ನಂಜು ಹೊಸ ಕೀಲಿಗೆ ಇಳಿಯಬಹುದು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಸವೆದ ಎಲುಬಿನ ತುದಿಯನ್ನಷ್ಟೇ ಕೆತ್ತಿ ಲೋಹದ ಟೊಪ್ಪಿಗೆ ಕೂಡಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಕಾಲು ಪೂರಾ ಕಬ್ಬಿಣವಾಗುವುದಿಲ್ಲ. ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ನೋವು ವಾರಗಟ್ಟಲೆ ಇರುತ್ತದೆ, ಬಾವು ತಿಂಗಳುಗಟ್ಟಲೆ. ಹೆಚ್ಚಿನವರು ಚೆನ್ನಾಗಿ ನಡೆಯುತ್ತಾರೆ.

"ಪೂರಾ ಸೇಫ್ ಅಂತ ಯಾವ ಆಪರೇಷನ್ನೂ ಇಲ್ರಿ" ಎಂದೂ ಹೇಳಿದರು. "ನಂಜಾಗಬಹುದು, ಕಾಲಾಗ ರಕ್ತ ಹೆಪ್ಪುಗಟ್ಟಬಹುದು. ಅಪರೂಪ, ಆದ್ರ ಆಗ್ತದ. ಅದಕ್ಕಂತ ಔಷಧ ಕೊಡ್ತೀವಿ, ಜಲ್ದಿ ನಡಸ್ತೀವಿ. ಈಗ ನಿಮ್ಮದೇನರ ಕೇಳೂದದ?"

"ಸತ್ತ ಮ್ಯಾಲೆ ಮಡಚತದೇನ್ರಿ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಎಕ್ಸ್‌ರೇ ಕಡೆ ನೋಡಿದೆ.

"ಅಮ್ಮಾ, ಇದ್ದಾಗ ಮಡಚಲಿ ಅಂತ ನಾ ಮಾಡ್ತೇನಿ."

"ಅದು ಖರೇನ್ರಿ. ಆಮ್ಯಾಲಿಂದು?"

"ಆಮ್ಯಾಲಿಂದು ನಂಗ ಯಾರೂ ಬಂದು ಹೇಳಿಲ್ರಿ" ಎಂದರು. ಆಮೇಲೆ ನಗದೆ ಸೇರಿಸಿದರು: "ಕಸರತ್ತು ಬಿಡದೆ ಮಾಡಿದವರಿಗೆ ಚೊಲೋ ಮಡಚತದ. ಬಿಟ್ಟವರಿಗೆ ಬಿಗಿ ಆಗ್ತದ."

ಆ ಒಂದು ಮಾತು ಸಾಕಾಯಿತು. ಬಲಗಾಲಿಗೆ ಮಾತ್ರ ಆಪರೇಷನ್ ಆಯಿತು. ಎಡದ್ದನ್ನು ಆಮೇಲೆ ನೋಡೋಣ ಎಂದಳು.

ಮರುದಿನ ವಾಕರ್ ಹಿಡಿಸಿ ನಿಲ್ಲಿಸಿದಾಗ ಆಕೆ ಬೈದ ಬೈಗುಳ ವಾರ್ಡಿನವರಿಗೆಲ್ಲ ಕೇಳಿಸಿತು. ಮನೆಗೆ ಬಂದ ಮೇಲೆ ನೆಂಟರು ಆಕೆಯನ್ನು ಬಾಣಂತಿಯ ಹಾಗೆ ಹೊದಿಸಿ ಮಲಗಿಸಲು, ಮೀನಖಂಡಕ್ಕೆ ಎಣ್ಣೆ ತಿಕ್ಕಲು ತಯಾರಾಗಿ ಬಂದರು. ಸೊಸೆ ಬಿಡಲಿಲ್ಲ. ಮಲಗಿದರೆ ಹೆಪ್ಪುಗಟ್ಟುತ್ತದೆ, ಮೀನಖಂಡ ತಿಕ್ಕಬಾರದು, ಅಲ್ಲಿ ಬಾತು ನೋವಾದರೆ, ಉಸಿರು ಹತ್ತಿದರೆ, ಜ್ವರ ಬಂದರೆ, ಗಾಯ ಸೋರಿದರೆ ಆ ಗಳಿಗೆಯೇ ದವಾಖಾನೆ ಎಂದು ನರ್ಸ್ ಹೇಳಿದ್ದನ್ನು ಬಾಗಿಲಲ್ಲೇ ನಿಂತು ಪಾಠ ಒಪ್ಪಿಸಿದಳು. ನೆಂಟರು ಚಹಾ ಕುಡಿದು ಹೋದರು. ಎಣ್ಣೆ ಬಿಟ್ಟು ಹೋದರು.

ಕಸರತ್ತು ಮಾಡಿಸಲು ಫಿಸಿಯೋಥೆರಪಿ ಮೇಡಂ ಮನೆಗೇ ಬರುತ್ತಿದ್ದರು. ಬೇರೆ ಮನೆಗಳಲ್ಲಿ ಪೇಷಂಟುಗಳು ಇವರ ಚಪ್ಪಲಿ ಸಪ್ಪಳ ಕೇಳಿ ನಿದ್ದೆ ಬಂದವರ ಹಾಗೆ ಮಾಡುತ್ತಾರಂತೆ. ಇಲ್ಲಿ ಉಲ್ಟಾ.

"ಸಾಕ್ರಿ ಅಮ್ಮಾರ, ಇಷ್ಟು ಮಡಚಿದ್ರ ಮೆಟ್ಟಿಲ ಹತ್ತಬಹುದು."

"ಮೆಟ್ಟಿಲ ಯಾರಿಗೆ ಬೇಕಾಗ್ಯಾವ? ಇನ್ನೊಂದೀಟು ಒತ್ತವ್ವ."

ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒತ್ತು ಎನ್ನುತ್ತಿದ್ದಳು. ಇಂಥ ಹಟದ ಪೇಷಂಟನ್ನು ನೋಡಿಲ್ಲ ಎಂದು ಮೇಡಂ ಹೊಗಳಿದರು. ಯಾಕೆ ಹಟ ಎಂದು ಅವರಿಗೆ ನಾವು ಹೇಳಲಿಲ್ಲ.

ಕೆಲವು ತಿಂಗಳಿಗೆ ಗಂಜಿಗೆ ತಾನೇ ನಡೆದು ಬುತ್ತಿ ತಂದಳು. ಲಾರಿಗಳ ನಡುವೆ, ಹಮಾಲರಿಗೆ "ಸರೀರಿ, ಸರೀರಿ" ಎನ್ನುತ್ತ ಬಂದಳು. ಔರಾದಕ್ಕೆ ಬಸ್ಸಿನಲ್ಲಿ ಹೋಗಿ ಅಕ್ಕನಿಗೆ ಕಾಲು ತೋರಿಸಿದಳು. ಅಕ್ಕ ಒತ್ತಿ ನೋಡಿ, "ಒಳಗ ತಣ್ಣಗ ಹತ್ತತದೇನ?" ಎಂದು ಕೇಳಿದರಂತೆ. "ಬ್ಯಾಸಿಗ್ಯಾಗ ಭಾಳ ಆರಾಮ" ಎಂದಳಂತೆ.

ನೆಲದ ಮೇಲೆ ಮಾತ್ರ ಕೂಡಬೇಡಿ, ಕೀಲು ಬೇಗ ಸವೆಯುತ್ತದೆ ಎಂದಿದ್ದರು ಡಾಕ್ಟರು. ಪೂಜೆ ಕುರ್ಚಿಯ ಮೇಲೆ ನಡೆಯಿತು. "ಕುರ್ಚಿ ಮ್ಯಾಲೆ ಕುಂತ್ರ ಶಿವನ ಮುಂದ ಅಲ್ಲ, ತಹಸೀಲ್ದಾರನ ಮುಂದ ಕುಂತಂಗ ಆಗ್ತದ" ಎನ್ನುತ್ತಿದ್ದಳು. ಎಡಗಾಲಿನ ಆಪರೇಷನ್ ಮಾತು ತೆಗೆದರೆ, "ಇದರದ್ದು ಮೊದಲು ಗೊತ್ತಾಗಲಿ" ಎನ್ನುತ್ತಿದ್ದಳು. ಅದು ಗೊತ್ತಾಗುವುದು ಯಾವಾಗ ಎಂದು ಇಬ್ಬರಿಗೂ ತಿಳಿದಿತ್ತು. 

ಆಪರೇಷನ್ ಆಗಿ ಎರಡು ವರ್ಷ ದಾಟಿತ್ತು. ಮಗಳ ಮನೆಗೆಂದು ಇಬ್ಬರೂ ಭಾಲ್ಕಿಗೆ ಹೋಗಿದ್ದೆವು. ಬೆಳಿಗ್ಗೆ ಚಹಾ ಕುಡಿದು ಎದೆ ಬಿಗಿಯುತ್ತದೆ ಎಂದಳು. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ಹೃದಯ ನಿಂತಿದೆ, ಮೊಣಕಾಲಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ನಾನು ಕೇಳಿರಲಿಲ್ಲ. ಬಂದವರೆಲ್ಲ ಕೇಳಿದರು. ಅದು ವಾಸಿಯಾಗಿತ್ತು, ಇದು ಬೇರೆ ಎಂದು ಒಬ್ಬೊಬ್ಬರಿಗೂ ಹೇಳಿದೆ. ಈಗಲೂ ಹೇಳುತ್ತಿರುತ್ತೇನೆ.

ಮೈ ಸೆಟೆಯುವ ಮೊದಲು ಕೂಡಿಸಬೇಕು. ಅಯ್ಯನವರು ಬೇಗ ಬಂದರು. ಮಗಳ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದರು. ಎಲ್ಲರ ಕಣ್ಣೂ ಬಲಗಾಲಿನ ಮೇಲೆ. ಅಯ್ಯನವರು ಅದನ್ನು ಮೆಲ್ಲಗೆ ಹಿಡಿದು ಒಳಗೆ ತಂದರು. ಮಡಚಿತು. ಎಡಗಾಲಿಗೆ ಕೈ ಹಾಕಿದರು. ಅದು ಅರ್ಧಕ್ಕೆ ನಿಂತಿತು.

ಅಷ್ಟರಲ್ಲಿ ಔರಾದದಿಂದ ಬಂದು ಮುಟ್ಟಿದ್ದ ಅಕ್ಕ ಅಳು ನಿಲ್ಲಿಸಿ ನೋಡಿದರು. "ಹಾಕಿಸಿದ ಕಾಲು ಮಾತು ಕೇಳ್ತು. ಹುಟ್ಟಿನ ಕಾಲು ಕೇಳವಲ್ದು" ಎಂದರು. ಯಾರೋ ನಕ್ಕರು, ತಕ್ಷಣ ಅತ್ತರು.

ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಎಡ ಮೊಣಕಾಲಿಗೆ ಹಾಕಿದರು. ಅಯ್ಯನವರು ಅವಸರ ಮಾಡಲಿಲ್ಲ. ನಾನು ಹಿಂದಿನಿಂದ ಬೆನ್ನು ಹಿಡಿದಿದ್ದೆ. ಸ್ವಲ್ಪ ಸ್ವಲ್ಪವಾಗಿ ಬಂತು. ಬಿಳಿ ಬಟ್ಟೆಯಿಂದ ಕಟ್ಟಿದರು. ಎಡಗಾಲು ಒಂದಿಷ್ಟು ಎತ್ತರ ಉಳಿಯಿತು, ಆದರೆ ಚಾಚಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಬೀದರಿಗೆ ತಂದು, ಹಾಗೆ ಕೂತಂತೆಯೇ ಸಮಾಧಿ ಮಾಡಿದೆವು.

ಕೆಲವು ದಿನದ ಮೇಲೆ ಆಪರೇಷನ್ ಮಾಡಿದ ಡಾಕ್ಟರು ರಸ್ತೆಯಲ್ಲಿ ಸಿಕ್ಕರು. ಮಡಚಿತು ಎಂದು ಅವರಿಗೆ ಹೇಳಿದೆ. ಅವರು ತಲೆ ಆಡಿಸಿ ಹೋದರು. ಫಿಸಿಯೋಥೆರಪಿ ಮೇಡಂಗೂ ಫೋನ್ ಮಾಡಿ, ಹಟ ಯಾಕಿತ್ತು ಎಂದು ತಿಳಿಸಿದೆ. ಗಂಜಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಇದು ಗೊತ್ತಾಗಬೇಕು ಎಂದು ಕಾಯ್ದವಳು ಒಬ್ಬಳೇ. ಹೇಳೋಣವೆಂದರೆ ಆಕೆ ಮನೆಯಲ್ಲಿಲ್ಲ.