ಹೋಗು ಅಂದದ್ದು ನಾನೇ

ಧಬ್, ಧಬ್, ಧಬ್. ಬಲೆಚೀಲದಲ್ಲಿ ತುಂಬಿದ ಫುಟ್‌ಬಾಲುಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿಯುತ್ತ ಮೇಲೆ ಬರುವ ಶಬ್ದ. ಮಲೇಷ್ಯಾದ ನಿಲಾಯ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇತ್ತು, ಆದರೆ ಪಕ್ಕದ ಮನೆಯ ಕೋಚ್ ಮೆಟ್ಟಿಲನ್ನೇ ಹತ್ತುತ್ತಿದ್ದ. ಆಡುವ ಕಾಲದಲ್ಲಿ ಹಾಳಾದ ಮಂಡಿ, ಕೆಲಸ ಕೊಡದಿದ್ದರೆ ಅದು ರಿಟೈರ್ ಆಗಿಬಿಡುತ್ತದೆ ಅನ್ನುವುದು ಅವನ ಥಿಯರಿ. ಶಬ್ದ ಎರಡನೇ ಮಹಡಿ ದಾಟುವಷ್ಟರಲ್ಲಿ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ಅವನು ಹುಬ್ಬಳ್ಳಿಯ ಮುಸಲ್ಮಾನ, ನಾನು ಮಂಗಳೂರಿನ ಕ್ಯಾಥೊಲಿಕ್. ಅವನ ಮನೆಯಲ್ಲಿ ಉರ್ದು, ನಮ್ಮಲ್ಲಿ ಕೊಂಕಣಿ. ನಡುವೆ ಉಳಿದದ್ದು ಕನ್ನಡ, ಅದೂ ಎರಡು ತರಹದ್ದು. ಮಗಳು ಬೆಳಿಗ್ಗೆ ಕಾರು ಹತ್ತಿ ಸೈಬರ್‌ಜಯಾದ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮೊಮ್ಮಗಳಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಸಂಜೆ ಅವನ ಮಗ್ರಿಬ್ ನಮಾಜಿಗೆ ಮುಂಚಿನ ಆ ಅರ್ಧ ಗಂಟೆಯೇ ದಿನದಲ್ಲಿ ನಾನು ನಿಜವಾಗಿ ಮಾತಾಡುತ್ತಿದ್ದ ಹೊತ್ತು.

ಅವನು ಯೂನಿವರ್ಸಿಟಿಯ ಹುಡುಗರ ಟೀಮಿಗೆ ಕೋಚ್. ಅವನದ್ದೊಂದು ಪದ್ಧತಿ ಇತ್ತು. ಪ್ರತಿ ಮ್ಯಾಚ್ ಮುಗಿದ ಮೇಲೆ ಪ್ರತಿಯೊಬ್ಬ ಆಟಗಾರ ಒಂದು ಚೀಟಿಯಲ್ಲಿ ತನ್ನ ಒಂದು ತಪ್ಪು ಬರೆದುಕೊಡಬೇಕು. ತನ್ನದೇ, ಇನ್ನೊಬ್ಬನದ್ದಲ್ಲ. ಆ ಚೀಟಿಗಳು ನಮ್ಮ ಡೈನಿಂಗ್ ಟೇಬಲ್ಲಿಗೆ ಬರುತ್ತಿದ್ದವು, ಯಾಕೆಂದರೆ ಅವರ ಹ್ಯಾಂಡ್‌ರೈಟಿಂಗ್ ಓದಲು ನನ್ನಂಥ ರಿಟೈರ್ಡ್ ಟೀಚರೇ ಬೇಕು.

"ಕೋಪ ಬಂದು ಪಾಸ್ ಕೊಡಲಿಲ್ಲ ಅಂತ ಬರೆದಿದ್ದಾನೆ ಇವ," ಎಂದು ನಾನು ಓದುವುದು.

"ಬರಕೊಂಡಾನಲ್ಲ, ಸಾಕು."

"ಇವನದ್ದು ನೋಡು. ಗರ್ಲ್‌ಫ್ರೆಂಡ್ ಬಂದಿದ್ದಳಂತೆ, ಬಾಲ್ ಕಾಣಲಿಲ್ಲವಂತೆ."

"ನಂಗ ಕಾಣ್ಸಿತ್ರಿ, ಗೋಲಿನೊಳಗ!"

ಓದಿ ಆದಮೇಲೆ ಪ್ರತಿ ಚೀಟಿಯನ್ನೂ ನಾಲ್ಕಾಗಿ ಹರಿಯುತ್ತಿದ್ದ. "ಮುಗೀತು" ಅನ್ನುತ್ತಿದ್ದ. ಮರುದಿನ ಆ ತಪ್ಪಿನ ಸುದ್ದಿ ಎತ್ತುತ್ತಿರಲಿಲ್ಲ, ಅದನ್ನು ತಿದ್ದುವ ಪ್ರಾಕ್ಟೀಸ್ ಮಾತ್ರ ಮಾಡಿಸುತ್ತಿದ್ದ. ಕಾನ್ವೆಂಟಿನಲ್ಲಿ ಶನಿವಾರದ ಕನ್ಫೆಶನ್ ಮುಗಿಸಿ ಹೊರಗೆ ಬಂದಾಗ ಕಾಲು ಹಗುರಾಗುತ್ತಿತ್ತಲ್ಲ, ನನಗೆ ಅದೇ ನೆನಪಾಗುತ್ತಿತ್ತು.

ಹೀಗಿರುವಾಗ ಉತ್ತರದ ಕಡೆಯ ಒಂದು ಪ್ರೊಫೆಷನಲ್ ಕ್ಲಬ್ಬು ಅವನನ್ನು ಅಸಿಸ್ಟೆಂಟ್ ಕೋಚ್ ಆಗಿ ಕರೆಯಿತು. ಒಂದು ವರ್ಷದ ಕಾಂಟ್ರಾಕ್ಟ್. ಶುಕ್ರವಾರದೊಳಗೆ ಹೇಳಬೇಕು. ಗುರುವಾರ ಸಂಜೆ ಕಾಗದ ಹಿಡಿದುಕೊಂಡೇ ಬಂದ.

"ಖರೆ ಹೇಳ್ರಿ ಆಂಟಿ, ಹೋಗ್ಲ್ಯೋ ಬ್ಯಾಡೋ?"

"ನಿನಗೆ ಎಂತ ಅನಿಸ್ತದೆ?"

"ಅದು ಗೊತ್ತಿದ್ರ ಇಲ್ಲಿಗ್ಯಾಕ ಚಾ ಕುಡೀಲಿಕ್ಕೆ ಬರ್ತಿದ್ದೆ?"

"ಇಷ್ಟು ದಿವಸ ಮತ್ತೆ ಯಾಕೆ ಕುಡಿದದ್ದು ಮಾರಾಯ?"

"ಸಕ್ರಿಗೆ ರೀ. ಮನ್ಯಾಗ ಬಂದ್ ಮಾಡ್ಯಾರ."

ನಕ್ಕೆವು. ಆಮೇಲೆ ಅವನು ನಿಧಾನವಾಗಿ ಎರಡೂ ಕಡೆಯದ್ದು ಹೇಳಿದ. ಯೂನಿವರ್ಸಿಟಿಯಲ್ಲಿ ಸೋತರೆ ಹುಡುಗರು ಮಾಮಕ್ ಹೋಟೆಲಿಗೆ ಹೋಗಿ ರೊಟ್ಟಿ ತಿಂದು ಮರೆಯುತ್ತಾರೆ. ಅಲ್ಲಿ ಸೋತರೆ ಯಾರದ್ದೋ ಕೆಲಸ ಹೋಗುತ್ತದೆ. ಇಲ್ಲಿ ಕಲಿಸುವುದು, ಅಲ್ಲಿ ಆರಿಸುವುದು. ಆದರೆ ಮಂಡಿ ಮುರಿದ ದಿನದಿಂದ ಖರೆ ಲೆವೆಲ್ ಹೇಗಿರುತ್ತದೆಂದು ಹತ್ತಿರದಿಂದ ನೋಡುವ ಆಸೆ. ಈಗ ಬಿಟ್ಟರೆ ಇನ್ನು ಯಾರು ಕರೆಯುತ್ತಾರೆ?

ನನಗೆ ಉತ್ತರ ಗೊತ್ತಿತ್ತು. ಇವನು ಕಲಿಸುವವನು, ಆರಿಸುವವನಲ್ಲ. ಇರು ಅನ್ನಬೇಕಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಆಗಲೇ ನನ್ನೊಳಗಿನ ಕಾನ್ವೆಂಟ್ ಎದ್ದು ಕೂತಿತು. ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕಲಿಸಿದ್ದು ಹಾಗೆ: ಏನು ಮಾಡಬೇಕೆಂದು ತೋಚದಾಗ ನಿನಗೆ ಯಾವುದು ಸುಖವೋ ಅದನ್ನು ಬಿಡು, ಯಾವುದು ನೋಯುತ್ತದೋ ಅದನ್ನು ಹಿಡಿ. ಅವನು ಇದ್ದರೆ ಸುಖ ಯಾರಿಗೆ? ನನಗೆ. ಹಾಗಾದರೆ ಇರು ಅನ್ನುವುದು ನನ್ನ ಸೆಲ್ಫಿಶ್‌ನೆಸ್ ಅಲ್ಲವಾ? ನನಗೆ ಬೇಕಾದದ್ದು ಅವನಿಗೂ ಒಳ್ಳೆಯದಿರಬಹುದು ಎಂಬ ಯೋಚನೆ ಆ ಹೊತ್ತಿಗೆ ಬರಲೇ ಇಲ್ಲ. ನಮ್ಮನ್ನು ಹಾಗೆ ಬೆಳೆಸಿರಲಿಲ್ಲ.

"ಹೋಗು," ಎಂದೆ. "ಚಾನ್ಸ್ ಬಿಡಬೇಡ."

ಮೊಮ್ಮಗಳು ಫೋನಿನಿಂದ ತಲೆ ಎತ್ತದೆ, "ಯಾ, ಜಸ್ಟ್ ಗೋ ಲಾ, ಅಂಕಲ್," ಎಂದಳು.

ಅವನು ನನ್ನ ಮುಖವನ್ನೇ ನೋಡಿದ. ಪೆನ್ನು ಕೇಳಿದ, ಕೊಟ್ಟೆ. ಪೆನ್ನಿನ ತುದಿ ಕಾಗದದ ಮೇಲೆ ತುಂಬ ಹೊತ್ತು ನಿಂತಿತ್ತು. ಆಮೇಲೆ ಸಹಿ ಮಾಡಿ, ಫೋನಿನಲ್ಲಿ ಫೋಟೊ ಹೊಡೆದು ಕಳಿಸಿಬಿಟ್ಟ. ಚಹಾ ಆರಿಹೋಗಿತ್ತು.

ಅವನ ಮಗಳ ಸ್ಕೂಲಿಗಾಗಿ ಹೆಂಡತಿ ಇಲ್ಲೇ ಉಳಿದಳು. ಅವನು ಮಾತ್ರ ಹೋದ. ಆಗಾಗ ಫೋನು. "ಏನ್ ಹುಲ್ಲರೀ ಆಂಟಿ, ಕಾರ್ಪೆಟ್ ಇದ್ದಂಗ ಅದ!" ಬಾಲಿನ ಚೀಲ ಹೊರಲು ಅಲ್ಲಿ ಬೇರೆ ಜನ ಇದ್ದರಂತೆ. ಅದನ್ನು ಹೇಳುವಾಗ ಅವನ ಸ್ವರದಲ್ಲಿ ಹೆಮ್ಮೆಯೇನೂ ಇರಲಿಲ್ಲ.

ಚೀಟಿಯ ಪದ್ಧತಿಯನ್ನು ಅಲ್ಲಿಗೂ ತೆಗೆದುಕೊಂಡು ಹೋಗಿದ್ದ. ಮೊದಮೊದಲು ಆಟಗಾರರು ನಕ್ಕರಂತೆ, ಆಮೇಲೆ ಒಬ್ಬೊಬ್ಬರಾಗಿ ಬರೆದರಂತೆ. ಆದರೆ ಮ್ಯಾನೇಜ್‌ಮೆಂಟಿನವರು ಹರಿಯಲು ಬಿಡಲಿಲ್ಲ. ಒಳ್ಳೆಯ ಐಡಿಯಾ, ಫೈಲ್ ಮಾಡಿ ಅಂದರು. ಹೊಸಬ, ಇಲ್ಲ ಅನ್ನಲಾಗದೆ ಕೊಟ್ಟ. ಸೀಸನ್ನಿನ ನಡುವೆ ಒಬ್ಬ ಹಳೆಯ ಡಿಫೆಂಡರನ್ನು ಕರೆದು, ನಿನ್ನ ಕಾಲು ನಿಧಾನವಾಗಿದೆ, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದು ಹೇಳಿದರು. ಅವನದೇ ಚೀಟಿಗಳನ್ನು ಅವನ ಮುಂದೆ ಹರಡಿ.

"ನನ್ನ ನಂಬಿ ಬರದಿದ್ದ ಆಂಟಿ ಅಂವ," ಎಂದ ಕೋಚ್ ಫೋನಿನಲ್ಲಿ.

ಆಮೇಲೆ ಯಾರೂ ಬರೆಯಲಿಲ್ಲ, ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟೀಮು ಸೋಲುತ್ತಾ ಹೋಯಿತು. ಹೆಡ್ ಕೋಚನ್ನು ತೆಗೆದ ದಿನವೇ ಇವನನ್ನೂ ತೆಗೆದರು. ಅಲ್ಲಿ ಅದೇ ರಿವಾಜು. ಯೂನಿವರ್ಸಿಟಿಯಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ. ಹುಬ್ಬಳ್ಳಿಗೆ ಟಿಕೆಟ್ ಮಾಡಿಸಿದರು.

ಹೊರಡುವ ದಿನ ಬೆಳಿಗ್ಗೆ ಏರ್‌ಪೋರ್ಟಿಗೆ ವ್ಯಾನು ಬಂತು. ಹೆಂಡತಿ, ಮಗಳು ಒಳಗೆ ಕೂತಾಗಿತ್ತು. ನಾನು ರೇಲಿಂಗ್ ಹಿಡಿದುಕೊಂಡು ಮೆಟ್ಟಿಲಿಳಿದೆ. ಹಿಂದಿನ ದಿನವೇ ಬರೆದಿಟ್ಟ ಚೀಟಿಯನ್ನು ಅವನ ಕೈಗೆ ಕೊಟ್ಟೆ. ನೀನು ಇಲ್ಲಿಯೇ ಇರಬೇಕೆಂದು ನನಗಿತ್ತು, ಅದಕ್ಕೇ ಹೋಗು ಅಂದೆ, ಅದು ನನ್ನ ತಪ್ಪು. ಅಷ್ಟೇ ಬರೆದದ್ದು.

ಬಿಸಿಲಲ್ಲಿ ನಿಂತು ಎರಡು ಸಲ ಓದಿದ.

"ಹ್ಯಾಂಡ್‌ರೈಟಿಂಗ್ ಭಾಳ ಛಲೋ ಅದರಿ," ಎಂದ. ಆಮೇಲೆ ತಲೆ ಎತ್ತದೆ, "ನೀವು ಹೇಳೋಕಿಂತ ಮೊದಲ ನಾ ಠರಾಯಿಸಿಬಿಟ್ಟಿದ್ದೆ ಆಂಟಿ. ಅವತ್ತ ಸುಮ್ನ ಚಾಕ್ಕ ಬಂದಿದ್ದೆ."

ಕಾಗದದ ಮೇಲೆ ನಿಂತಿದ್ದ ಆ ಪೆನ್ನನ್ನು ನೋಡಿದವಳು ನಾನು. ಆದರೂ "ಹೌದಾ," ಎಂದೆ.

ಚೀಟಿಯನ್ನು ನಾಲ್ಕಾಗಿ ಹರಿದ. ಕಸದ ಡಬ್ಬಿ ಹತ್ತಿರ ಇರಲಿಲ್ಲ. ಚೂರುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ಮುಗೀತು," ಎಂದು ವ್ಯಾನು ಹತ್ತಿದ.