ಯಾರ ಮನೆಯೂ ಅಲ್ಲದ ಕಡೆ

ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಹಳೆಯ ಪಂಚಾಂಗಗಳ ಅಡಿಯಲ್ಲಿ, ರಟ್ಟಿನ ಹೊದಿಕೆಯ ಒಂದು ದಪ್ಪ ನೋಟ್‌ಪುಸ್ತಕವಿದೆ. ಮಗಳ ಮದುವೆಗೆ ಲಗ್ನಪತ್ರಿಕೆ ಹಂಚಲೆಂದು ನಾನೇ ಕೂತು ಬರೆದ ಪಟ್ಟಿ ಅದು. ಜಿಲ್ಲೆಗೊಂದು ಭಾಗ, ಊರಿಗೊಂದು ಪುಟ, ಪ್ರತಿ ಹೆಸರಿನ ಮುಂದೆ ಮನೆಯ ಗುರುತು: ನೀರಿನ ಟ್ಯಾಂಕಿನ ಎದುರು ಹಸಿರು ಗೇಟು, ಹಿಟ್ಟಿನ ಗಿರಣಿ ಪಕ್ಕದ ಸಂದಿ, ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮದುವೆ ಮುಗಿದ ಮೇಲೆ ಇಂಥ ಪಟ್ಟಿಗಳನ್ನು ರದ್ದಿಗೆ ಹಾಕುವವರಿದ್ದಾರೆ. ನಾನು ಹಾಕಲಿಲ್ಲ, ಮತ್ತು ಹಾಕದೆ ಉಳಿಸಿದ್ದಕ್ಕೆ ಬಹಳ ದಿನ ಹೆಮ್ಮೆಪಟ್ಟಿದ್ದೆ.

ಹೆಮ್ಮೆಗೆ ಕಾರಣ ನನ್ನ ಕಸುಬು. ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟಿನವರನ್ನು ಕರೆತರುವ ಬಸ್ಸುಗಳ ದಾರಿ, ನಿಲುಗಡೆ, ಸಮಯ ಗೊತ್ತುಮಾಡುವುದೇ ನನ್ನ ಮೂವತ್ತು ವರ್ಷಗಳ ಕೆಲಸವಾಗಿತ್ತು. ಯಾವ ಬಸ್ಸು ಯಾವ ತಿರುವಿನಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಅಲ್ಲಿ ಯಾರು ಹತ್ತುತ್ತಾರೆ ಎಂಬುದು ಕಾಗದದ ಮೇಲಿಲ್ಲದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಹೆಸರಿಲ್ಲದ ನಿಲುಗಡೆ ಎಂಬುದನ್ನು ನಾನು ಆಯುಷ್ಯದಲ್ಲಿ ಕಂಡವನಲ್ಲ. ಇಂಥವನಿಗೆ ನಿವೃತ್ತಿಯಾದ ಮೇಲೆ ಊರೂರು ಅಲೆಯುವ ಹುಚ್ಚು ಹಿಡಿದರೆ ಏನಾಗುತ್ತದೆ ಎಂಬುದನ್ನು, ಓದುಗ ಮಿತ್ರರೇ, ನಿಮ್ಮ ಮುಂದೆ ಸ್ವಲ್ಪ ನಾಚಿಕೆಯಿಂದಲೇ ಹೇಳಿಕೊಳ್ಳುತ್ತಿದ್ದೇನೆ.

ಹುಚ್ಚು ಅಂದೆನಲ್ಲ, ಅದು ಮೂಲದಲ್ಲಿ ನನ್ನದಲ್ಲ. ನನ್ನ ಹೆಂಡತಿ ಗಿರಿಜೆಯದು. ಬೋಗಾದಿಯ ಈ ಮನೆಗೆ ಅವಳು ಸೊಸೆಯಾಗಿ ಬಂದಾಗ ಸುತ್ತ ರಾಗಿಹೊಲಗಳಿದ್ದವು. ಈಗ ಬಡಾವಣೆಗಳೆದ್ದು, ಎದುರಿಗೆ ಹುಡುಗಿಯರ ಪಿ.ಜಿ., ಹಿಂದೆ ಜಲ್ಲಿಯ ರಾಶಿ. ಬದಲಾಗದೆ ಉಳಿದದ್ದು ನಮ್ಮ ಮನೆಯ ಬಾಗಿಲು. ದಾಸೋಹದ ಮನೆತನವೆಂದು ಹೇಳಿಕೊಳ್ಳುವುದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ಮಠಕ್ಕೆ ಬಂದವರು, ಆಸ್ಪತ್ರೆಗೆ ಬಂದವರು, ಪರೀಕ್ಷೆ ಬರೆಯಲು ಬಂದವರು, ಬೆಟ್ಟ ಹತ್ತಿ ಚಾಮುಂಡಿಯ ದರ್ಶನ ಮುಗಿಸಿ ಕಾಲು ನೋಯುತ್ತಿದೆಯೆಂದು ಎರಡು ದಿನ ಉಳಿದವರು, ಎಲ್ಲರಿಗೂ ನಮ್ಮಲ್ಲಿ ಎಲೆ ಹಾಕಲಾಗುತ್ತಿತ್ತು. ದಸರೆ ಬಂತೆಂದರೆ ಹತ್ತು ದಿನವೂ ನಡುಮನೆಯಲ್ಲಿ ಸಾಲು ಹಾಸಿಗೆ. ಜಂಬೂಸವಾರಿ ನೋಡಲು ಅಷ್ಟು ಜನರನ್ನು ತಿಂಡಿ ಕೊಟ್ಟು ಕಳಿಸಿ, ಅವರು ವಾಪಸು ಬರುವ ಹೊತ್ತಿಗೆ ಅಡಿಗೆಯಾಗಬೇಕೆಂದು ಒಲೆಯ ಮುಂದೆ ನಿಂತ ಗಿರಿಜೆ, ಮೈಸೂರಿನಲ್ಲೇ ಮೂವತ್ತೆರಡು ವರ್ಷವಿದ್ದೂ, ಅಂಬಾರಿಯನ್ನು ಕಂಡದ್ದು ಟಿ.ವಿ.ಯಲ್ಲಿ ಮಾತ್ರ. "ಹಾಕಲಾಗುತ್ತಿತ್ತು" ಎಂದು ಮೇಲೆ ಬರೆದೆನಲ್ಲ, ಹಾಕುತ್ತಿದ್ದವಳು ಅವಳೇ.

ನಾನು ನಿವೃತ್ತನಾದ ಮಾರನೆಯ ವಾರ ಹಿತ್ತಲಿನಲ್ಲಿ ಬಟ್ಟೆ ಹರವುತ್ತ ಅವಳು ಒಂದು ಮಾತು ಹೇಳಿದಳು: "ಯಾರ ಮನೇನೂ ಅಲ್ದಿರೋ ಕಡೆ ಒಂದಿನ ಬೆಳಗ್ಗೆ ಏಳ್ಬೇಕು ಕಣ್ರೀ. ನಮ್ಮನೇನೂ ಆಗಿರಬಾರದು, ಇನ್ನೊಬ್ರ ಮನೇನೂ ಆಗಿರಬಾರದು. ಯಾರೂ ಕಾಫಿ ಕೇಳಬಾರದು." ಲಾಡ್ಜಿಗೆ ಹೋಗೋಣ ಎಂದೆ. ಅವಳು ಮೂಗು ಮುರಿದಳು; ಲಾಡ್ಜಿನ ಹಾಸಿಗೆ ಮುಟ್ಟಲು ಅವಳಿಗೆ ಅಸಹ್ಯ. ಆಮೇಲೆ ಯಾವುದೋ ವಿಡಿಯೋದಲ್ಲಿ ಗಂಡಹೆಂಡಿರಿಬ್ಬರು ತಮ್ಮ ಹಾಸಿಗೆ, ಒಲೆ, ನೀರಿನ ತೊಟ್ಟಿಯನ್ನೆಲ್ಲ ಒಂದು ಗಾಡಿಯೊಳಗೇ ತುಂಬಿಕೊಂಡು ಸಮುದ್ರದ ದಂಡೆಯಲ್ಲಿ ನಿಂತದ್ದನ್ನು ನೋಡಿ, ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಅಷ್ಟು ಆಸೆಯಿಂದ ಅವಳು ನನಗೆ ಏನನ್ನೂ ತೋರಿಸಿದ ನೆನಪಿಲ್ಲ.

ಕಾರ್ಖಾನೆಗೆ ಓಡುತ್ತಿದ್ದ ಹಳೆಯ ಮಿನಿಬಸ್ಸೊಂದು ಮಾರಾಟಕ್ಕಿತ್ತು; ಅದರ ಎಂಜಿನ್ನಿನ ಕೆಮ್ಮು ನನಗೆ ಗೊತ್ತಿತ್ತು, ಅದನ್ನೇ ಕೊಂಡು ತಂದೆ. ಸೀಟು ಕಿತ್ತು ಮಂಚ ಕೂಡಿಸಿದೆವು, ಕಿಟಕಿಗೆ ಸೊಳ್ಳೆಪರದೆ, ಚಾವಣಿಗೆ ಎರಡು ಸಣ್ಣ ಫ್ಯಾನು, ಹಿಂದೆ ಒಂದು ಪುಟ್ಟ ಕಟ್ಟೆಯ ಮೇಲೆ ಒಂಟಿ ಒಲೆ. ಎರಡು ಲೋಟ, ಎರಡು ತಟ್ಟೆ. "ಯಾರಾದ್ರೂ ಬಂದ್ರೆ?" ಎಂದು ನಾನು ಕೇಳಿದ್ದಕ್ಕೆ "ಯಾರೂ ಬರಲ್ಲ" ಎಂದು ಮೂರನೆಯ ಲೋಟವನ್ನು ಅಡಿಗೆಮನೆಗೆ ವಾಪಸು ಕೊಂಡೊಯ್ದಳು. ಬೀದಿಯವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಹೊಂಗೆಮರದ ನೆರಳಲ್ಲಿ, ಗೇಟಿನಿಂದ ಹತ್ತು ಹೆಜ್ಜೆ ಆಚೆ, ಅದು ನಿಂತಿತು.

ಇನ್ನು ದಾರಿಯ ಯೋಜನೆ. ಹೋಗುವುದು ಕಷ್ಟವಲ್ಲ, ನಿಲ್ಲುವುದು ಕಷ್ಟ. ಸಂಜೆ ಆರಕ್ಕೆ ಗಾಡಿ ನಿಲ್ಲಿಸಲು ಸಮತಟ್ಟಾದ ನೆಲ ಬೇಕು, ಹತ್ತಿರ ನೀರು ಬೇಕು, ಹೆಂಗಸರಿಗೆ ಮರ್ಯಾದೆಯ ಶೌಚಾಲಯ ಬೇಕು, ಬೆಳಕು ಬೇಕು ಆದರೆ ಕಣ್ಣಿಗೆ ಹೊಡೆಯಬಾರದು, ಜನ ಇರಬೇಕು ಆದರೆ ಬಂದು ಕಿಟಕಿಯಲ್ಲಿ ಇಣುಕಬಾರದು. ಪೆಟ್ರೋಲ್ ಬಂಕು, ಛತ್ರದ ಅಂಗಳ, ಗುಡಿಯ ಬಯಲು, ಕೆರೆಯ ಏರಿ, ಹೀಗೆ ಒಂದೊಂದನ್ನೇ ಬರೆದು ಒಂದೊಂದಕ್ಕೂ ನನ್ನಲ್ಲೇ ತಕರಾರು ತೆಗೆದೆ. ಅಲ್ಲಿ ಯಾರಿದ್ದಾರೆ? ಯಾರನ್ನು ಕೇಳುವುದು? ತಂಗುದಾಣ, ಬಿಡಾರ, ಛತ್ರ, ಅರವಟ್ಟಿಗೆ ಎಂದು ದಾರಿಹೋಕನಿಗಾಗಿ ಇಷ್ಟೊಂದು ಮಾತುಗಳನ್ನು ಕಟ್ಟಿದ ಜನ ನಾವು. ಗುರುತಿಲ್ಲದ ಮರದಡಿ ಒಂದು ರಾತ್ರಿ ಕಳೆಯಲು ನನಗೆ ಮಾತ್ರ ಎದೆಯಿಲ್ಲ. ಆಗ ನೆನಪಾದದ್ದೇ ಲಗ್ನಪತ್ರಿಕೆಯ ಪಟ್ಟಿ. ಚಿತ್ರದುರ್ಗಕ್ಕೆ ಚಿಕ್ಕಪ್ಪನ ಮಗ, ಹೊಸಪೇಟೆಗೆ ಗಿರಿಜೆಯ ಸೋದರತ್ತೆಯ ಮನೆ, ಬಾಗಲಕೋಟೆಗೆ ಮಠದ ಪರಿಚಯದ ವ್ಯಾಪಾರಿ, ಹಿಂದಿರುಗುವಾಗ ದಾವಣಗೆರೆಗೆ ನನ್ನ ಹಳೆಯ ಸಹೋದ್ಯೋಗಿ. ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿ ನಮ್ಮ ಪಾಡಿಗೆ ನಾವು ಒಳಗೆ ಮಲಗುವುದು. ನಾಲ್ಕು ಫೋನು, ನಾಲ್ಕು ರಾತ್ರಿ ಗೊತ್ತಾದವು. ಗಿರಿಜೆಗೆ ತೋರಿಸಿದಾಗ ಅವಳು ಪಟ್ಟಿಯನ್ನು ಎರಡು ಸಲ ಓದಿ "ಸರಿ, ನೀವು ಹೇಳಿದ ಹಾಗೆ" ಎಂದಳು. ಆ "ಸರಿ"ಯನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಸಂಕ್ರಾಂತಿ ಕಳೆದು ಹೊರಟೆವು. ಚಿತ್ರದುರ್ಗದಲ್ಲಿ, ಉಂಡಾದ ಮೇಲೆ, ನಾವು ಗಾಡಿಗೆ ಹೋಗುತ್ತೇವೆಂದು ಎದ್ದದ್ದೇ ತಡ, ಚಿಕ್ಕಪ್ಪನ ಮಗ ಬಾಗಿಲಿಗೆ ಅಡ್ಡ ನಿಂತ. "ಏನಣ್ಣ ನೀನು? ನನ್ನ ಮನೆ ಮುಂದೆ ನೀನು ಗಾಡೀಲಿ ಮಲಗಿದ್ರೆ ಬೀದಿಯೋರು ನನ್ನ ಮುಖಕ್ಕೆ ಉಗೀತಾರೆ. ದಸರಾಕ್ಕೆ ಬಂದಾಗ ನಿಮ್ಮನೇಲಿ ಎಂಟೆಂಟು ಜನ ಉಂಡು ಮಲಗಿಲ್ವಾ ನಾವು?" ಅವನ ಹೆಂಡತಿ ಆಗಲೇ ಹೊಸ ಬೆಡ್‌ಶೀಟು ಹಾಸಿದ್ದಳು. ಗಾಡಿಯ ಬೀಗದಕೈಯನ್ನು ಜೇಬಿಗಿಟ್ಟು ಒಳಗೇ ಮಲಗಿದೆವು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಗಿರಿಜೆ ಅವರ ಅಡಿಗೆಮನೆಯಲ್ಲಿ ಕೂತು ಕಾಯಿ ತುರಿಯುತ್ತಿದ್ದಳು. ನಮ್ಮ ಕಡೆ ನಂಟರ ಮನೆಗೆ ಹೋದ ಹೆಂಗಸು ಹಾಲ್‌ನಲ್ಲಿ ಕಾಲು ಚಾಚಿ ಕೂರುವಂತಿಲ್ಲವಲ್ಲ. ಅಲ್ಲಿಂದ ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಹೊಸಪೇಟೆಯಲ್ಲಿ ಅವಳು ಬಟಾಣಿ ಬಿಡಿಸಿದಳು. ಬಾಗಲಕೋಟೆಯಲ್ಲಿ ರೊಟ್ಟಿ ತಟ್ಟುವುದನ್ನು ಕಲಿಯುವ ನೆಪದಲ್ಲಿ ಇಪ್ಪತ್ತು ರೊಟ್ಟಿ ಬೇಯಿಸಿದಳು. ದಾವಣಗೆರೆಯಲ್ಲಿ, ನಮ್ಮನ್ನು ನೋಡಲೆಂದೇ ಕರೆಸಿದ್ದ ಹನ್ನೊಂದು ಜನರಿಗೆ ಬಡಿಸಿದಳು. ನಾಲ್ಕು ರಾತ್ರಿಯೂ ಮನೆಗಾಡಿ ಯಾರದೋ ಗೇಟಿನ ಹೊರಗೆ ಖಾಲಿ ನಿಂತಿತ್ತು.

ಇಷ್ಟರಲ್ಲಿ ಒಂದು ಗಳಿಗೆಯನ್ನು ಮಾತ್ರ ನಾನು ಮರೆಯಲಾರೆ. ಎರಡನೆಯ ದಿನ ಕೂಡ್ಲಿಗಿ ದಾಟಿದ ಮೇಲೆ ರಸ್ತೆಯ ಎಡಕ್ಕೆ ಒಂದು ಕೆರೆ ಸಿಕ್ಕಿತು, ದೊಡ್ಡದೇನಲ್ಲ. ಏರಿಯ ಕೆಳಗೆ ನಾಲ್ಕು ಬೇವಿನಮರ, ಗುಡಿಸಿಟ್ಟಂತಿದ್ದ ನೆಲ, ಎರಡು ಲಾರಿಯವರು ಕಲ್ಲು ಹೂಡಿ ಅನ್ನ ಬೇಯಿಸುತ್ತಿದ್ದರು. ಆಚೆ ಒಂದು ಕೈಪಂಪು, ಶಾಲೆಯ ಕಾಂಪೌಂಡು. ನಾವು ಬುತ್ತಿ ಉಣ್ಣಲು ಇಳಿದಿದ್ದೆವು. ಲಾರಿಯವರಲ್ಲಿ ವಯಸ್ಸಾದವರೊಬ್ಬರು ನಮ್ಮ ಗಾಡಿಯೊಳಗೆ ಇಣುಕಿ, ಮಂಚ ನೋಡಿ, "ಇಲ್ಲೇ ಇದ್ ಹೋಗ್ರಿ ಯಜಮಾನ್ರೆ, ಜಾಗ ಚೊಲೋ ಐತಿ, ನಾವೂ ನಾಳೆ ಮುಂಜಾನಿತನಕ ಇಲ್ಲೇ" ಎಂದರು. ಗಿರಿಜೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ, ನಿಜ ಹೇಳುತ್ತೇನೆ, ನಾನು ಮದುವೆಯಾದ ಹುಡುಗಿ ಇದ್ದಳು. "ಇವತ್ತು ಇಲ್ಲೇ ಇದ್ಬುಡೋಣ ಕಣ್ರೀ," ಎಂದಳು. "ಹೊಸಪೇಟೆಗೆ ನಾಳೆ ಹೋದ್ರಾಯ್ತು."

ನಾನು ಗಡಿಯಾರ ನೋಡಿದೆ. "ಅವರು ಅಕ್ಕಿ ಹಾಕಿರ್ತಾರೆ ಗಿರಿಜಾ, ಕಾಯಿಸೋದು ಚೆನ್ನಾಗಿರಲ್ಲ."

ಅವಳು ಕೈಪಂಪಿನ ಹತ್ತಿರ ಹೋಗಿ ತಟ್ಟೆಗಳನ್ನು ತೊಳೆದಳು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಆಮೇಲೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ಕನ್ನಡಿಯಲ್ಲಿ ಬೇವಿನಮರಗಳು ಸಣ್ಣವಾಗುತ್ತ ಹೋದವು, ನಾನು ವೇಳೆಗೆ ಸರಿಯಾಗಿ ಹೊಸಪೇಟೆ ಮುಟ್ಟಿಸಿದೆ.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಪ್ರವಾಸ ಬಹಳ ಚೆನ್ನಾಯಿತೆಂದು ಹೇಳಿದೆ. ಬರುಬರುತ್ತ ಆ ಮಾತು ನನ್ನ ಬಾಯಲ್ಲೇ ಸಪ್ಪೆಯಾಯಿತು. ಮೂವತ್ತೆರಡು ವರ್ಷ ಈ ಮನೆಗೆ ಬಂದವರಿಗೆಲ್ಲ ಹಾಸಿಗೆ ಹಾಸಿದವಳು ಕೇಳಿದ್ದು ಒಂದೇ ಒಂದು ಬೆಳಗನ್ನು. ನಾನು ಅವಳನ್ನು ಒಂದು ಅಡಿಗೆಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ವೇಳೆ ತಪ್ಪದೆ ಸಾಗಿಸಿದ್ದೆ. ಸುರಕ್ಷಿತ ಜಾಗವೆಂದರೆ ನನಗೆ ಪರಿಚಯದವರಿರುವ ಜಾಗ. ಅವಳಿಗೆ ಬೇಕಾಗಿದ್ದದ್ದು ಪರಿಚಯದವರಿಲ್ಲದ ಜಾಗ. ಇದು ಹೊಳೆದ ದಿನ ನನಗೆ ತುಂಬ ದುಃಖವಾಯಿತು. ಆ ಕೆರೆಯ ಹೆಸರನ್ನಾದರೂ ಕೇಳಿಕೊಳ್ಳಬಾರದಿತ್ತೇ ಎಂದು ನಕ್ಷೆಯಲ್ಲಿ ಹುಡುಕಿದೆ. ಕೂಡ್ಲಿಗಿಯ ಆಸುಪಾಸಿನಲ್ಲಿ ನೀಲಿ ಚುಕ್ಕೆಗಳು ಬೇಕಾದಷ್ಟಿವೆ, ಅದು ಯಾವುದೋ ತಿಳಿಯಲಿಲ್ಲ.

ಕಳೆದ ವಾರ ಒಂದು ಮಧ್ಯಾಹ್ನ ಊಟವಾದ ಮೇಲೆ ಗಿರಿಜೆ ಕಾಣಲಿಲ್ಲ. ಹಿತ್ತಲಲ್ಲಿಲ್ಲ, ಮಹಡಿಯಲ್ಲಿಲ್ಲ. ಹೊರಗೆ ಬಂದು ನೋಡಿದರೆ ಹೊಂಗೆಮರದಡಿಯ ಗಾಡಿಯ ಬಾಗಿಲು ಮುಚ್ಚಿದೆ, ಕಿಟಕಿಗಳಿಗೆಲ್ಲ ಪರದೆ ಎಳೆದಿದೆ, ಮೆಟ್ಟಿಲ ಮೇಲೆ ಅವಳ ಚಪ್ಪಲಿ. ಒಳಗೆ ಆ ಸಣ್ಣ ಫ್ಯಾನು ತಿರುಗುವ ಸದ್ದು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ.

ಅದೇ ಹೊತ್ತಿಗೆ ಸರಸ್ವತಿಪುರದಲ್ಲಿರುವ ನನ್ನ ತಂಗಿ ನಾಗರತ್ನ, ತನ್ನ ಓರಗಿತ್ತಿಯರಿಬ್ಬರನ್ನು ಕರೆದುಕೊಂಡು ಆಟೋದಲ್ಲಿ ಬಂದಳು. ಆಟೋ ತಿರುವಿನಲ್ಲಿ ಕಂಡೊಡನೆ ನಾನು ಮಾಡಿದ ಕೆಲಸ ನನಗೇ ಸೋಜಿಗ: ಬಗ್ಗಿ ಆ ಚಪ್ಪಲಿಗಳನ್ನೆತ್ತಿ ಗಾಡಿಯ ಚಕ್ರದ ಹಿಂದೆ ಸರಿಸಿ, ಗೇಟಿನ ಹತ್ತಿರ ಹೋಗಿ ನಿಂತೆ.

"ಅತ್ತಿಗೆ ಎಲ್ಲಣ್ಣ? ಇವರಿಗೆ ಅತ್ತಿಗೆ ಕೈಯ ಕಾಫಿ ಕುಡಿಸ್ತೀನಿ ಅಂತ ಕರ್ಕೊಂಡು ಬಂದ್ಬುಟ್ಟೆ."

"ಅವಳು ಊರಲ್ಲಿಲ್ಲ," ಎಂದೆ.

"ಹೌದಾ? ನೀನಿಲ್ಲದೆ ಒಬ್ರೇ ಹೋದ್ರಾ! ಯಾರ ಮನೇಗೆ?"

"ಯಾರ ಮನೇಗೂ ಅಲ್ಲ."

"ಮತ್ತೆ ಉಳ್ಕೊಳ್ಳೋಕೆ?"

"ಅವಳಿಗೆ ಒಂದು ಜಾಗ ಸಿಕ್ಕಿದೆ ಕಣಮ್ಮ."

ನಾಗರತ್ನ ಕಣ್ಣರಳಿಸಿ ಓರಗಿತ್ತಿಯರನ್ನು ನೋಡಿದಳು. ನಾನು ಅವರನ್ನು ಒಳಗೆ ಕೂರಿಸಿ ಕಾಫಿ ಮಾಡಿದೆ. ಡಿಕಾಕ್ಷನ್ ನೀರಾಗಿತ್ತು, ಸಕ್ಕರೆ ಜಾಸ್ತಿಯಾಗಿತ್ತು. ಮೂವರೂ ಮರ್ಯಾದೆಗೆ ಕುಡಿದು, ಅತ್ತಿಗೆ ಬಂದ ಮೇಲೆ ಬರುತ್ತೇವೆಂದು ಹೇಳಿ ಬೇಗನೆ ಎದ್ದರು. ಯಾವಾಗ ಬರುತ್ತಾಳೆಂದು ಕೇಳಿದ್ದಕ್ಕೆ, ಹೇಳಿ ಹೋಗಿಲ್ಲ ಎಂದೆ. ಅವರು ಗಾಡಿಯ ಪಕ್ಕದಲ್ಲೇ, ಗಟ್ಟಿಯಾಗಿ ಮಾತಾಡಿಕೊಂಡು, ನಡೆದು ಹೋದರು.

ಅವರು ಹೋದ ಮೇಲೆ ಚಪ್ಪಲಿಗಳನ್ನು ಮೊದಲಿದ್ದ ಹಾಗೆ ಮೆಟ್ಟಿಲ ಮೇಲಿಟ್ಟು, ಜಗಲಿಗೆ ಬಂದು ಕೂತೆ. ಒಳಗೆ ಅವಳಿಗೆ ನಮ್ಮ ಮಾತು ಕೇಳಿಸಿತೋ, ನಿದ್ದೆ ಹತ್ತಿತ್ತೋ, ಇಂದಿಗೂ ನಾನು ಕೇಳಿಲ್ಲ. ನಾಲ್ಕು ಗಂಟೆಯಾಯಿತು, ಬಿಸಿಲು ಎದುರುಮನೆಯ ಗೋಡೆ ಏರಿತು. ಅವಳು ಹೋಗಿರುವ ಆ ಊರನ್ನು ನಾನೂ ಒಮ್ಮೆ ನೋಡಬೇಕೆಂದು ಬಹಳ ಆಸೆಯಾಯಿತು. ಹತ್ತೇ ಹೆಜ್ಜೆಯ ದಾರಿ. ಆದರೆ ಅವಳು ಕರೆಯದೆ ಅಲ್ಲಿಗೆ ಹೋಗುವಂತಿರಲಿಲ್ಲ.